ಅವರೆ ಹೊಲದಲ್ಲಿ ತೂಗುತ್ತಿದ್ದ ಸಿ.ಡಿ.

ನಮ್ಮ ಮೊಮ್ಮಗಳು ರಾಮನಗರದಲ್ಲಿ ಡಿಪ್ಲೊಮಾ ಓದುತ್ತಿದ್ದ ಕಾಲ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಅಂಥದೊಂದರಲ್ಲಿ ಕೆಲಸಕ್ಕಿದ್ದ ನನ್ನ ಮಗ, ಅಲ್ಲಿ ಹಳೆಯದಾಯಿತೆಂದು ತೆಗೆದುಹಾಕಿದ ಕಂಪ್ಯೂಟರನ್ನು ಮಗಳಿಗೆಂದು ತಂದ. ರೇಷ್ಮೆ ಹುಳುಮನೆಯ ಪಕ್ಕದ ಕೋಣೆಯಲ್ಲಿ ಇಟ್ಟೆವು. ಅವಳು ಕೂತು ಯಂತ್ರದ ನಕ್ಷೆ ಬರೆಯುವುದನ್ನು ನೋಡುವುದೇ ನನಗೆ ಹಬ್ಬ. ನಾನು ಓದಿದ್ದು ಮೂರನೇ ಕ್ಲಾಸು. ನಮ್ಮ ಕೂಸು ಬೆರಳಾಡಿಸಿದರೆ ಪರದೆಯ ಮೇಲೆ ಚಕ್ರ ತಿರುಗುತ್ತದೆ. ಹಾಲಿನವನನ್ನೂ ಬಿಡದೆ ಕರೆದು ತೋರಿಸುತ್ತಿದ್ದೆ.

ಒಂದು ಭಾನುವಾರ ಅವಳ ಮುಖ ಸಪ್ಪಗಿತ್ತು. ಮಾರನೆಯ ದಿನ ಕಾಲೇಜಿನಲ್ಲಿ ಆ ನಕ್ಷೆ ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರದೆಯಲ್ಲಿ ನೋಡಿದರೆ ಗೆರೆಗಳು ನಡುಗುತ್ತಿವೆ. ಕಂಪ್ಯೂಟರಿನ ಒಂದೊಂದು ಭಾಗಕ್ಕೂ ಕೆಲಸ ಹೇಳುವ ಸಣ್ಣ ಪ್ರೋಗ್ರಾಮುಗಳಿರುತ್ತವಂತೆ, ಅವಕ್ಕೆ ಡ್ರೈವರ್ ಅನ್ನುತ್ತಾರಂತೆ. ಅವು ಹಳೆಯವಾಗಿವೆ, ಇಂಟರ್ನೆಟ್ಟಿಂದ ಹೊಸವನ್ನು ಇಳಿಸಿಕೋ ಎಂದು ಗೆಳತಿ ಹೇಳಿದ್ದಳು. ಇರುವುದೂ ಕೆಟ್ಟುಹೋದರೆ ಎಂಬ ಭಯ ಇವಳಿಗೆ.

"ತಾತ, ನೀನೇನಂತೀಯ? ಹಳೇವೇ ಇರ್ಲಾ, ಹೊಸವು ಹಾಕ್ಲಾ?"

ಅಷ್ಟು ಓದಿದ ಹುಡುಗಿ ನನ್ನನ್ನು ಕೇಳಿದಳಲ್ಲ, ಆ ಹಿಗ್ಗಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನನಗೆ ಗೊತ್ತಿದ್ದುದು ಹುಳು ಸಾಕುವುದು. ಹೊಸ ಹುಳು ತರುವ ಮೊದಲು ಹಳೇ ಬೆಳೆಯ ಒಂದು ಕಡ್ಡಿಯೂ ಉಳಿಯದಂತೆ ಗುಡಿಸಿ, ತಟ್ಟೆ ತೊಳೆದು, ಮದ್ದು ಹೊಡೆದು ಮನೆ ಖಾಲಿ ಬಿಡುತ್ತೇವೆ. ಇಲ್ಲದಿದ್ದರೆ ಹಳೆಯದರ ರೋಗ ಹೊಸದಕ್ಕೆ ಹತ್ತುತ್ತದೆ.

"ಹಾಕು ಮಗ. ಆದ್ರೆ ಮೊದ್ಲು ಹಳೇವ್ನೆಲ್ಲ ತಗ್ದಾಕ್ಬುಡು," ಎಂದೆ.

ಅವಳೂ ಹುಳುಮನೆಯಲ್ಲೇ ಬೆಳೆದವಳು, ಸರಿಯೆನಿಸಿರಬೇಕು. ಒಂದೊಂದಾಗಿ ತೆಗೆದಳು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದಾಗ ಅಕ್ಷರಗಳು ದಪ್ಪದಪ್ಪಗೆ ಊದಿಕೊಂಡಿದ್ದವು. ನಕ್ಷೆ ತೆರೆಯಲೇ ಇಲ್ಲ. ಹೊಸವನ್ನು ಇಳಿಸೋಣವೆಂದರೆ, ಫೋನಿನ ತಂತಿಯಿಂದ ಇಂಟರ್ನೆಟ್ ತರುವ ಮೋಡೆಮ್ಮಿನ ಡ್ರೈವರನ್ನೂ ಗುಡಿಸಿಹಾಕಿದ್ದೆವು. ಹತ್ತಿರದ ಕುದೂರಿನ ಕಂಪ್ಯೂಟರ್ ಅಂಗಡಿ ಭಾನುವಾರ ತೆಗೆಯುವುದಿಲ್ಲ. ಅವಳು ಅಳಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಒಸಿ ಹಗುರಾಗುತ್ತಿತ್ತು.

ಆಮೇಲೆ, ಕಂಪ್ಯೂಟರಿನ ಜೊತೆ ಬಂದ ಸಿ.ಡಿ.ಯಲ್ಲಿ ಹಳೇ ಡ್ರೈವರ್‌ಗಳೆಲ್ಲ ಇದ್ದವೆಂದು ಅವಳಿಗೆ ನೆನಪಾಯಿತು. ಮನೆಯೆಲ್ಲ ಜಾಲಾಡಿದೆವು. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಲೇ ಹೇಳಿದಳು:

"ಆ ಹೊಳೆಯೋ ಬಿಲ್ಲೆನಾ? ಗಿಳಿ ಕಾಟಕ್ಕೆ ಅವರೆ ಹೊಲದಲ್ಲಿ ನೇತಾಕಿವ್ನಿ. ಹಾಡು ಬರಕ್ಕಿಲ್ಲ, ತಕ್ಕೋ ಅಂತ ನೀವೇ ಕೊಟ್ರಲ್ಲ."

ಈ ವಯಸ್ಸಿನಲ್ಲಿ ಓಡಿದೆ. ಗೂಟದ ತುದಿಯಲ್ಲಿ ಅದು ಬಿಸಿಲಿಗೆ ಮಿಂಚುತ್ತಾ ತಿರುಗುತ್ತಿತ್ತು. ಮೈಯೆಲ್ಲ ಧೂಳು, ಹಕ್ಕಿ ಹಿಕ್ಕೆ, ಅಂಚಿನಲ್ಲಿ ಗೀರು. ಮೊಮ್ಮಗಳು ತೊಳೆದು, ನನ್ನ ಸವೆದ ಪಂಚೆಯಲ್ಲಿ ಒರೆಸಿ ಒಳಗೆ ತಳ್ಳಿದಳು. ಪೆಟ್ಟಿಗೆ ಗುಂಯ್ ಅಂದಿತು, ನಿಂತಿತು, ಮತ್ತೆ ಗುಂಯ್ ಅಂದಿತು. ಹುಳು ಜ್ವರಕ್ಕೆ ಕೂತು ಪೊರೆ ಬಿಡುವಾಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಕಾಯಬೇಕು ಅಷ್ಟೇ. ಹಾಗೆ ನಿಂತಿದ್ದೆ.

ಕೊನೆಗೆ ಅಕ್ಷರಗಳು ಸಣ್ಣಗಾದವು. ನಕ್ಷೆ ತೆರೆಯಿತು. ಗೆರೆಗಳು ಮೊದಲಿನಂತೆಯೇ ನಡುಗುತ್ತಿದ್ದವು. ಅದೇ ನಡುಕ ನನಗೆ ಎಷ್ಟು ಚೆಂದ ಕಂಡಿತೋ. ಮೋಡೆಮ್ಮೂ ಎದ್ದಿತ್ತು, ಆದರೆ ಅವಳು ಹೊಸದರ ಗೊಡವೆಗೆ ಹೋಗದೆ ಆ ನಡುಗುವ ಪರದೆಯಲ್ಲೇ ಕೆಲಸ ಮುಗಿಸಿದಳು.

"ನಾಳೆ ಒಪ್ಸಿ ಬತ್ತೀನಿ ತಾತ. ಹೊಸದು ಹಾಕೋದ ಬ್ಯಾಡ್ವ ಅಂತ ಆಮೇಲೆ ನಿನ್ನೇ ಕೇಳ್ತೀನಿ," ಎಂದು ನಕ್ಕಳು.

"ನನ್ನ ಕೇಳ್ಬ್ಯಾಡ ಕಣವ್ವ," ಎಂದೆ. ಸೋಮವಾರ ಸಂಜೆ ಅವಳ ಬಸ್ಸು ಬರುವ ಹೊತ್ತಿಗೆ ಮಾತ್ರ, ಕೇಳುತ್ತಾಳೇನೋ ಎಂದು ನಾನೇ ಮೊದಲು ಹೋಗಿ ಜಗಲಿ ಮೇಲೆ ಕೂತಿದ್ದೆ.