ಟೇಕಡಿ ಹತ್ತಿಸಿದ ಸೋದರಮಾವ

ಎರಡೂ ಕಾಲಿದ್ದಾಗ ನನ್ನ ವ್ಯಾಯಾಮವೆಂದರೆ ಪುಣೆಯ ಕ್ಯಾಂಪ್ ಪೇಟೆಯಲ್ಲಿದ್ದ ನನ್ನ ಅಂಗಡಿಯಿಂದ ಸ್ಕೂಟರಿನ ತನಕ ನಡೆಯುವುದು. ತೊಂಬತ್ತರ ದಶಕದಲ್ಲಿ ಅದೇ ಸ್ಕೂಟರಿನಿಂದ ಬಿದ್ದು ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ ಮೇಲೆ ನನಗೆ ವ್ಯಾಯಾಮದ ಹುಚ್ಚು ಹಿಡಿಯಿತು.

ಕೃತಕ ಕಾಲು ಕಟ್ಟಿಕೊಂಡರೆ ನಡೆದೇಬಿಡಬಹುದು ಅಂದುಕೊಂಡಿದ್ದೆ. ಹತ್ತು ಹೆಜ್ಜೆಗೆ ಏದುಸಿರು ಬಂತು. ಫಿಜಿಯೋಥೆರಪಿಯ ಮೇಡಂ ನಕ್ಕು, ಈ ಕಾಲಿಗೆ ಮೊದಲಿಗಿಂತ ಹೆಚ್ಚು ಉಸಿರು ಬೇಕು, ಎದೆಗೂ ತಾಲೀಮು ಆಗಲಿ ಎಂದರು. ಮೊದಲು ಕೈಯಿಂದ ತಿರುಗಿಸುವ ಪೆಡಲು, ಆಮೇಲೆ ಎಲ್ಲಿಗೂ ಹೋಗದ ಸೈಕಲ್ಲು, ಕಡೆಗೆ ದಿನಾ ಅರ್ಧ ತಾಸು ನಡಿಗೆ. ಎಷ್ಟು ಜೋರು? ಮಾತಾಡುತ್ತ ನಡೆಯಲು ಆಗುವಷ್ಟು! ಧಾರವಾಡದಿಂದ ಬಂದ ನನ್ನಂಥ ಮಾತುಗಾರನಿಗೆ ಇಂಥ ಸುಖದ ಔಷಧಿಯನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ನನ್ನ ಕಣ್ಣೆಲ್ಲ ಮನೆಯ ಹಿಂದಿನ ಟೇಕಡಿಯ ಮೇಲೆ. ಬೆಳಗ್ಗೆ ಆ ಗುಡ್ಡ ಹತ್ತದವನು ಪುಣೆಯವನೇ ಅಲ್ಲ ಎಂದು ನಮ್ಮ ಓಣಿಯ ನಂಬಿಕೆ. ಮೊದಲು ಅದನ್ನು ಕಿಟಕಿಯಿಂದ ನೋಡುತ್ತ ಚಹಾ ಕುಡಿದವನು ನಾನು. ಈಗ ಹತ್ತದಿದ್ದರೆ ಜನ್ಮವಿಡೀ ಯಾರಾದರೂ ಕೈಹಿಡಿದು ನಡೆಸಬೇಕಾದೀತು ಎಂಬ ಹೆದರಿಕೆ ಹೊಕ್ಕಿತ್ತು.

ಜೊತೆಗೆ ಹೊರಟವರು ನೆರೆಮನೆಯ ದೇಸಾಯರು, ಬೆಳಗಾವಿಯವರು. ನಮ್ಮ ಕಡೆ ಮಾತು ರಂಗೇರಿದರೆ ಕಾಲು ತಾನಾಗಿ ನಿಲ್ಲುತ್ತದೆ, ನಿಜ. ಆದರೆ ದೇಸಾಯರದು ಅತಿಯಾಯಿತು. ಇಪ್ಪತ್ತು ಹೆಜ್ಜೆಗೊಮ್ಮೆ ತೋಳು ಹಿಡಿದು, "ನಿಲ್ರಿ, ಒಂದು ಮಾತು ಹೇಳೂದದ" ಎನ್ನುವರು. ಆ ಏರಿನಲ್ಲಿ ಅವರು ಹೇಳಿದ ಕಥೆಯೊಳಗೆ ಅವರ ಸೋದರಮಾವನಿಗೆ ನಾಲ್ಕು ಸಲ ಮದುವೆಯಾಯಿತು, ಹೆಂಡತಿ ಒಬ್ಬಳೇ.

"ನೀವು ಅಡ್ಡಾಡ್ಲಿಕ್ಕೆ ಹೋಗ್ತೀರೋ, ನಿಂದರ್ಲಿಕ್ಕೆ ಹೋಗ್ತೀರೋ?" ಎಂದು ನನ್ನ ಹೆಂಡತಿ ಕೇಳಿದಳು. ನಾನು ಮೇಡಂ ಮುಂದೆ ದೇಸಾಯರ ಮೇಲೆ ಚಾಡಿಯನ್ನೂ ಹೇಳಿದೆ.

ಏಳನೆಯ ತಿಂಗಳು ಗುಡ್ಡದ ತುದಿ ಮುಟ್ಟಿದೆ. ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಆಮೇಲೆ ನೋಡಿದರೆ ದೇಸಾಯರ ಮಾತೇ ನಿಂತುಹೋಗಿದೆ. ಬುಡದಿಂದ ತುದಿಯ ತನಕ ಸುಮ್ಮನೆ ಬರುತ್ತಾರೆ.

"ಯಾಕ್ರೀ, ಕಥಿ ಮುಗದ್ವೇನು?" ಎಂದೆ.

"ಈಗ ನಿಮಗ ದಮ್ ಹತ್ತೂದಿಲ್ಲಲ್ರೀ," ಎಂದು ಮುಂದೆ ನಡೆದರು.

ಚಾಡಿ ಹೇಳಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು.

ಈಗ ಊರಾಚೆಯ ಹಿಂಜವಾಡಿಯಲ್ಲಿ ಐಟಿ ಕಂಪನಿಗಳ ಗಾಜಿನ ಕಚೇರಿಗಳೆಲ್ಲ ಎದ್ದಿವೆ, ದೇಸಾಯರಿಗೂ ವಯಸ್ಸಾಗಿದೆ. ಮೊನ್ನೆ ಅರ್ಧ ಗುಡ್ಡದಲ್ಲಿ ಅವರ ಏದುಸಿರು ಕೇಳಿಸಿತು. ತೋಳು ಹಿಡಿದು, "ನಿಲ್ರಿ ದೇಸಾಯ್ರ, ನಮ್ಮ ಸೋದರಮಾವನ ಮದುವಿದೊಂದು ಮಾತು ಹೇಳೂದದ," ಎಂದೆ.

ನನಗೆ ಸೋದರಮಾವನೇ ಇಲ್ಲ. ಅದು ದೇಸಾಯರಿಗೂ ಗೊತ್ತು. "ಹೇಳ್ರಿ," ಎಂದು ನಿಂತರು.