ಹಿಂದಿನ ಕುರ್ಚಿಗೂ ಕಾಣುವ ಸಾಲು

ಎನ್.ಆರ್. ಕಾಲೋನಿಯ ಆ ರಸ್ತೆಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಹೂವಿನ ಮೂಟೆ ತುಂಬಿಕೊಂಡು ಗಾಂಧಿ ಬಜಾರ್ ಕಡೆಗೆ ಹೋದ ಆಟೋದ ಸದ್ದು ತಿರುವಿನಲ್ಲಿ ನಿಂತುಹೋಗುತ್ತದೆ. ಮೊದಲ ಮಹಡಿಯ ಕೋಣೆಯಲ್ಲಿ ರುದ್ರಾಣಿ ಹೆಡ್‌ಫೋನ್ ಹಾಕಿಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮಾತು ಜಪಾನಿ ಭಾಷೆಯದು. ಆಡುತ್ತಿರುವವಳು ಅನಿಮೇಷನ್ ಚಿತ್ರದ ಒಬ್ಬ ಅಜ್ಜಿ. ದೋಣಿಯ ಹುಟ್ಟು ಹಿಡಿದು ನಿಂತಿದ್ದಾಳೆ. ಬಾಯಿ ತೆರೆಯುವ ಮುನ್ನ ಆಕೆ ಸಣ್ಣದೊಂದು ಉಸಿರು ಎಳೆದುಕೊಳ್ಳುತ್ತಾಳೆ. ಆ ಉಸಿರು ಮುಗಿಯುವ ಹೊತ್ತಿಗೆ ಸರಿಯಾಗಿ ತೆರೆಯಲ್ಲಿ ಕನ್ನಡದ ಸಾಲು ಮೂಡಬೇಕು.

“ಮೊದಲೇ ಬಂದ್ರೆ ಓದೋರು ಅವಳಿಗಿಂತ ಮುಂಚೆ ನಕ್ಬಿಡ್ತಾರೆ, ತಡವಾದ್ರೆ ಪಕ್ಕದೋರು ನಕ್ಕ ಮೇಲೆ ನಗ್ತಾರೆ. ಎರಡೂ ಬೇಡ” ಎನ್ನುತ್ತಾರೆ ರುದ್ರಾಣಿ. ಈ ಹೊತ್ತನ್ನೇ ಆರಿಸಿಕೊಳ್ಳಲು ಕಾರಣವೂ ಅದೇ. ಕೆಳಗಿನ ಮನೆಯಲ್ಲಿ ಮಿಕ್ಸಿ ಶುರುವಾಯಿತೆಂದರೆ ಅಜ್ಜಿಯ ಉಸಿರು ಹೆಡ್‌ಫೋನಿನಲ್ಲೂ ಸಿಗುವುದಿಲ್ಲ.

ಜಪಾನಿನ ಅನಿಮೆ ಚಿತ್ರಗಳಿಗೆ ಕನ್ನಡದ ಸಬ್‌ಟೈಟಲ್ ಕೂರಿಸುವುದು ಇವರ ಕೆಲಸ. ಸಂಬಳ ತರುವ ಕೆಲಸ ಬೇರೆ ಇದೆ. ಹಗಲಿಡೀ ಅವರಿವರ ಪುಸ್ತಕ, ಪ್ರಬಂಧಗಳನ್ನು ಟೈಪ್ ಮಾಡಿ ಪುಟ ಕಟ್ಟಿಕೊಡುತ್ತಾರೆ. ಅದಕ್ಕೂ ಹಿಂದೆ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆ ವಿನ್ಯಾಸ ಮಾಡುತ್ತಿದ್ದರು. ಜನ ಕರೆಯೋಲೆಯನ್ನು ಫೋನಿನಲ್ಲೇ ಕಳಿಸಲು ಶುರುಮಾಡಿದ ಮೇಲೆ ಪ್ರೆಸ್ಸಿನವರು ಬಾಗಿಲು ಹಾಕಿದರು, ಹಳೆಯ ಕಂಪ್ಯೂಟರನ್ನು ಇವರಿಗೇ ಬಿಟ್ಟುಕೊಟ್ಟರು. ಇವತ್ತಿಗೂ ಇವರ ಹತ್ತಿರ ಇರುವುದು ಅದೊಂದೇ.

ಚಿತ್ರಗಳನ್ನು ತರುವವರು ಇದೇ ಬೀದಿಯ ಚೈತನ್ಯಾ. ಜಪಾನಿ ಕಲಿತು ದುಭಾಷಿಯಾಗಿ ದುಡಿಯುವ ಇವರು ಅಲ್ಲಿನ ಸಣ್ಣ ಸ್ಟುಡಿಯೋ ಒಂದರ ಒಪ್ಪಿಗೆ ಪಡೆದು ಮಾತುಗಳನ್ನು ಕನ್ನಡಕ್ಕೆ ತರುತ್ತಾರೆ. ಅದನ್ನು ತೆರೆಯ ಮೇಲೆ ಓದುವಂತೆ ಮಾಡುವ ಹೊಣೆ ರುದ್ರಾಣಿಯವರದು. ಗಾಂಧಿ ಬಜಾರಿಗೆ ಹತ್ತಿರದ ಒಂದು ಸಂಘದ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಪ್ರದರ್ಶನ. ಮಕ್ಕಳು ಬರುತ್ತಾರೆ, ಜೊತೆಗೆ ಕಿವಿ ಮಂದವಾದ ಹಿರಿಯರು ಬರುತ್ತಾರೆ. ಧಾರಾವಾಹಿಯ ಮಾತು ಕೇಳಿಸದೆ ಟಿ.ವಿ. ಬಿಟ್ಟವರು, ಓದಿಕೊಂಡೇ ಕಥೆ ನೋಡಬಹುದೆಂದು ಗೊತ್ತಾದ ಮೇಲೆ ಮೊಮ್ಮಕ್ಕಳ ಕೈ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾರೆ.

ಹೀಗೆ ಬಂದವರಲ್ಲಿ ಮೊದಲಿಗರು ರುದ್ರಾಣಿಯವರ ತಂದೆ ಪುಟ್ಟಯ್ಯ. ಬಿನ್ನಿಪೇಟೆಯಲ್ಲಿ ಬೆಳೆದು, ಗ್ಯಾರೇಜಿನಲ್ಲಿ ದುಡಿದು, ಮಗಳ ಮನೆಯಲ್ಲಿ ನೆಲೆಸಿರುವ ಪುಟ್ಟಯ್ಯನವರಿಗೆ ವಯಸ್ಸಿನ ಜೊತೆ ಕೇಳುವ ಶಕ್ತಿ ಹೋಗಿದೆ. ಕಿವಿಗೆ ಮಿಷನ್ ಕೊಡಿಸಿದರೆ ತೆಗೆದಿಡುತ್ತಾರೆ. “ನನ್ನ ಕಿವಿ ಪೆನ್ಷನ್ ತಗೊಂಡಿದೆ, ಅದನ್ನ ಮತ್ತೆ ಡ್ಯೂಟಿಗೆ ಕರೀಬೇಡ” ಎಂದು ಮಗಳಿಗೆ ಹೇಳಿದ್ದಾರಂತೆ. ಕಣ್ಣು ಮಾತ್ರ ಚುರುಕು. ರುದ್ರಾಣಿಯವರ ಕೆಲಸದ ಬಗ್ಗೆ ಬರೆಯಲೆಂದು ಬಂದ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅದರ ಪಟ್ಟಿ ಕಿತ್ತುಬಂದಿರುವುದನ್ನು ತೋರಿಸಿಕೊಟ್ಟವರು ಅವರೇ.

ಸಬ್‌ಟೈಟಲ್ ಬರೆದು ಮುಗಿಸಿದರೆ ಕೆಲಸ ಮುಗಿಯಿತು ಎಂದುಕೊಂಡು ಬಂದಿದ್ದೆ. ರುದ್ರಾಣಿಯವರ ತಲೆನೋವು ಶುರುವಾಗುವುದೇ ಅಲ್ಲಿಂದ. ಸಿದ್ಧವಾದ ಚಿತ್ರವನ್ನು ಯಾವ ಬಗೆಯ ಫೈಲಾಗಿ ಕಳಿಸಬೇಕು? ದಾರಿ ಎರಡಿವೆ. ಒಂದನ್ನು ಎಂಕೆವಿ ಅನ್ನುತ್ತಾರೆ. ಅದರಲ್ಲಿ ಚಿತ್ರ ಒಂದು ಪದರ, ಅಕ್ಷರ ಇನ್ನೊಂದು ಪದರ. ನೋಡುವವರು ಅಕ್ಷರವನ್ನು ದೊಡ್ಡದು ಮಾಡಬಹುದು, ಮೇಲಕ್ಕೇರಿಸಬಹುದು, ಬೇಡವೆಂದರೆ ಮರೆಮಾಡಬಹುದು. ಇನ್ನೊಂದು, ಅಕ್ಷರವನ್ನು ಚಿತ್ರದ ಮೇಲೇ ಅಚ್ಚೊತ್ತಿಬಿಟ್ಟ ಎಂಪಿ ಫೋರ್. ಎಲ್ಲ ಟಿ.ವಿ.ಗಳಲ್ಲೂ ಓಡುತ್ತದೆ, ಆದರೆ ಒಮ್ಮೆ ಒತ್ತಿದ ಅಕ್ಷರ ಅಲ್ಲಾಡುವುದಿಲ್ಲ.

ನನ್ನ ಮುಖ ನೋಡಿ ರುದ್ರಾಣಿ ಸುಲಭ ಮಾಡುತ್ತಾರೆ. “ಎಂಕೆವಿ ಅಂದ್ರೆ ಟಿಫನ್ ಕ್ಯಾರಿಯರ್. ಅನ್ನ ಬೇರೆ, ಸಾರು ಬೇರೆ, ಬೇಕಾದಷ್ಟು ಬಡಿಸ್ಕೊಳ್ಳಿ. ನಾನು ಮಾಡೋ ಎಂಪಿ ಫೋರ್ ಬಿಸಿಬೇಳೆ ಬಾತ್. ಕಲಸಿದ ಮೇಲೆ ಬೇಳೆ ವಾಪಸ್ ಕೊಡಿ ಅನ್ನೋಹಾಗಿಲ್ಲ.”

ಮೊದಲ ಪ್ರದರ್ಶನಕ್ಕೆ ಅವರು ಕ್ಯಾರಿಯರ್ ಕಳಿಸಿದ್ದರು. ಮನೆಯ ಕಂಪ್ಯೂಟರಿನಲ್ಲಿ ಮುತ್ತು ಪೋಣಿಸಿದಂತಿದ್ದ ಕನ್ನಡ, ಹಾಲಿನ ಟಿ.ವಿ.ಯಲ್ಲಿ ಚೆಲ್ಲಾಪಿಲ್ಲಿಯಾಯಿತು. ಟಿ.ವಿ.ಯೊಳಗೆ ಕನ್ನಡಕ್ಕೆ ತಕ್ಕ ಅಕ್ಷರ ಜೋಡಣೆಯೇ ಇಲ್ಲ. ಒತ್ತುಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಸಾಲುಗಟ್ಟಿ ನಿಂತವು. ಮಕ್ಕಳು ಅದನ್ನು ಹಾಗೆಯೇ ಗಟ್ಟಿಯಾಗಿ ಓದಿ ಬಿದ್ದು ಬಿದ್ದು ನಕ್ಕರು. ಅಜ್ಜಿಯ ಕಥೆಯನ್ನು ಯಾರೂ ನೋಡಲಿಲ್ಲ.

ಎರಡನೆಯ ಸಲ ಅದೇ ಚಿತ್ರಕ್ಕೆ ಅಕ್ಷರ ಅಚ್ಚೊತ್ತಿ ಎಂಪಿ ಫೋರ್ ಮಾಡಿದರು. ಒತ್ತುಗಳು ತಮ್ಮ ಜಾಗದಲ್ಲಿ ಕೂತವು. ಈ ಬಾರಿ ಕೈಕೊಟ್ಟಿದ್ದು ಹಾಲಿನಲ್ಲಿ ಕೂರುವ ಪದ್ಧತಿ. ಅಲ್ಲಿ ಮಕ್ಕಳಿಗೆ ಮುಂದೆ ಜಮಖಾನ, ಹಿರಿಯರಿಗೆ ಹಿಂದೆ ಗೋಡೆಗೆ ಒರಗಿದ ಕುರ್ಚಿ. ಟಿ.ವಿ. ತಗ್ಗಿನ ಮೇಜಿನ ಮೇಲಿದೆ. ಕಥೆ ಬಿಸಿಯೇರಿದಂತೆ ಮಕ್ಕಳು ಮಂಡಿಯೂರಿ ಎದ್ದರು, ತೆರೆಯ ಕೆಳಭಾಗ ಜಡೆ, ಜುಟ್ಟು, ಟೋಪಿಗಳ ಹಿಂದೆ ಮುಳುಗಿತು. ಅಕ್ಷರಗಳಿದ್ದದ್ದು ಅಲ್ಲೇ. ಟಿ.ವಿ.ಯನ್ನು ಎತ್ತರಿಸಿ ಎಂದು ಸಂಘದ ಕಾರ್ಯದರ್ಶಿ ಮಧುಸೂದನ್ ಅವರನ್ನು ಕೇಳಿದರೆ, ಗೋಡೆಯಲ್ಲಿ ಸ್ಥಾಪಕರ ಫೋಟೋಗಳಿವೆ, ಅವನ್ನು ಸರಿಸಲು ಆಡಳಿತ ಮಂಡಳಿ ಸೇರಬೇಕು, ಮಂಡಳಿ ಯುಗಾದಿ ಕಳೆದ ಮೇಲೆ ಸೇರುತ್ತದೆ ಎಂದರು.

ಚಿತ್ರದ ಕೊನೆಯಲ್ಲಿ, ಅಜ್ಜಿ ಜನರನ್ನು ದಾಟಿಸುವ ನದಿಗೆ ಸೇತುವೆ ಬರುತ್ತದೆ. ಇನ್ನು ದೋಣಿ ಮಾರುತ್ತೀಯಾ ಎಂದು ಹುಡುಗಿಯೊಬ್ಬಳು ಕೇಳುತ್ತಾಳೆ. ಅಜ್ಜಿ ಕೊಡುವ ಉತ್ತರಕ್ಕೆ ಆ ದಿನ ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಹಿಂದಿನ ಕುರ್ಚಿಯಲ್ಲಿದ್ದ ಪುಟ್ಟಯ್ಯ ಅತ್ತ ಇತ್ತ ನೋಡಿ ತಾವೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವ ದಾರಿಯಲ್ಲಿ ಮಗಳನ್ನು ಕೇಳಿದರು: “ಅಜ್ಜಿ ಕೊನೇಲಿ ಏನಂದ್ಲು?”

ಇದನ್ನು ಹೇಳುವಾಗ ರುದ್ರಾಣಿ ಮೌಸ್ ಬಿಟ್ಟು ಕೈ ಒರೆಸಿಕೊಳ್ಳುತ್ತಾರೆ. ಉತ್ತರವನ್ನು ಅವರು ತಂದೆಗೆ ಹೇಳಲಿಲ್ಲ. ಬರೆದು ತೋರಿಸಬಹುದಿತ್ತು, ತೋರಿಸಲಿಲ್ಲ. ಮತ್ತೆ ಹಾಕಿಸುತ್ತೇನೆ, ನೀನೇ ಓದು ಎಂದು ಸನ್ನೆ ಮಾಡಿದರು. ಪುಟ್ಟಯ್ಯ ಒಪ್ಪಲಿಲ್ಲ. ಮುಂದಿನವರ ತಲೆ ನೋಡಲು ಅಲ್ಲಿಯವರೆಗೆ ಯಾಕೆ ಬರಲಿ, ನಮ್ಮನೆ ಕನ್ನಡಿಯಲ್ಲೇ ಒಂದು ತಲೆ ಇದೆ ಎಂದುಬಿಟ್ಟರು. ಮನೆಯ ಕಂಪ್ಯೂಟರಿನಲ್ಲೇ ನೋಡು ಎಂದರೆ ಅದಕ್ಕೂ ಇಲ್ಲ. “ಒಬ್ಬನೇ ಕೂತು ನೋಡಿದ್ರೆ ನಗೋದು ಯಾರ ಜೊತೆ?” ಎಂದು ನನ್ನನ್ನೂ ಕೇಳುತ್ತಾರೆ.

ಮಲ್ಲೇಶ್ವರದ ಒಂದು ವಾಚನಾಲಯದವರು ಇದೇ ಚಿತ್ರ ಬೇಕೆಂದು ಆಗಲೇ ಕೇಳಿದ್ದಾರೆ. ರುದ್ರಾಣಿ ಪೆನ್ ಡ್ರೈವ್ ಕೊಟ್ಟಿಲ್ಲ. ತಂದೆ ಆ ಒಂದು ಸಾಲನ್ನು ಹಿಂದಿನ ಕುರ್ಚಿಯಿಂದ ಓದುವವರೆಗೆ ಅದು ಕಾಲೋನಿ ದಾಟುವುದಿಲ್ಲ ಎಂದು ಚೈತನ್ಯಾಗೆ ಹೇಳಿದ್ದಾರೆ. ಅವರ ಲೆಕ್ಕ ಸರಳ: ಚಿತ್ರದ ಜೊತೆ ಎಲ್ಲ ಊರಿಗೂ ಅವರು ಹೋಗಲಾರರು. ಎಲ್ಲಿ ಯಾವ ಟಿ.ವಿ. ಇದೆಯೋ, ಯಾರು ಯಾರ ಹಿಂದೆ ಕೂರುತ್ತಾರೋ ಗೊತ್ತಿಲ್ಲ. ಇಲ್ಲಿ ಕಾಣದಿದ್ದರೆ ಅಲ್ಲೂ ಕಾಣುವುದಿಲ್ಲ.

ಚೈತನ್ಯಾ ಬರುವ ಹೊತ್ತಿಗೆ ಕೆಳಗೆ ಮಿಕ್ಸಿ ಶುರುವಾಗಿದೆ. ಅವರಿಬ್ಬರ ಜಗಳ ಹೊಸದಲ್ಲ. ಎಂಕೆವಿಯೇ ಸರಿ ಎಂಬುದು ಚೈತನ್ಯಾ ವಾದ. ಚಿತ್ರ ಬರೆದವರ ಕೆಲಸದ ಮೇಲೆ ಅಳಿಸಲಾಗದ ಅಕ್ಷರ ಒತ್ತುವುದು ಅವರಿಗೆ ಹಿಡಿಸುವುದಿಲ್ಲ. ರುದ್ರಾಣಿ ಎಂಪಿ ಫೋರ್ ಬಿಡುವುದಿಲ್ಲ, ಸಾಲದೆಂದು ಅಕ್ಷರವನ್ನು ತೆರೆಯ ಮೇಲ್ತುದಿಗೆ ಒಯ್ಯಲು ಹೊರಟಿದ್ದಾರೆ.

“ಆಂಟಿ, ಅಲ್ಲಿ ಮುಖ ಬರುತ್ತೆ, ಆಕಾಶ ಬರುತ್ತೆ. ಇದೇನು ಮದುವೆ ಪತ್ರಿಕೇನಾ?”

“ಪತ್ರಿಕೇಲಿ ದೇವರ ಹೆಸರು ಎಲ್ಲಿರುತ್ತೆ ಚೈತೂ? ಮೇಲೆ. ಯಾಕೆ? ಅಲ್ಲಾದ್ರೆ ಯಾರ ಬೆರಳೂ ಅಡ್ಡ ಬರಲ್ಲ.”

ಚೈತನ್ಯಾ ನಗುತ್ತಾರೆ, ಆಮೇಲೆ ತೆರೆಯ ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಈ ಚಿತ್ರ ಅಗಲವಾದದ್ದು. ಟಿ.ವಿ.ಯಲ್ಲಿ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಖಾಲಿ ಉಳಿಯುತ್ತದೆ. ಚಿತ್ರವನ್ನೇ ಕೆಳಕ್ಕೆ ಸರಿಸಿಬಿಟ್ಟರೆ ಎರಡೂ ಪಟ್ಟಿ ಸೇರಿ ಮೇಲೆ ಒಂದೇ ದೊಡ್ಡ ಜಾಗವಾಗುತ್ತದಲ್ಲ ಎಂದು ಅವರೇ ಹೇಳುತ್ತಾರೆ. ಅಕ್ಷರ ಅಲ್ಲಿರಲಿ, ಆಕಾಶಕ್ಕೂ ತೊಂದರೆಯಿಲ್ಲ. ಆದರೆ ಆಗ ಚಿತ್ರದ ಕೆಳಭಾಗ ಮಕ್ಕಳ ತಲೆಯ ಹಿಂದೆ ಹೋಗುತ್ತದೆ ಎಂಬ ಅನುಮಾನವನ್ನೂ ಅವರೇ ಎತ್ತುತ್ತಾರೆ.

ರುದ್ರಾಣಿ ಆಗಲೇ ಕೀಲಿಮಣೆಗೆ ತಿರುಗಿದ್ದಾರೆ. “ಕಾಲು ಮುಚ್ಚಿದ್ರೆ ಪರವಾಗಿಲ್ಲ. ಮಾತು ಮುಚ್ಚಬಾರದು.”

ಪದರ ಬೇರೆಯಾಗಿರುವ ಎಂಕೆವಿ ಮೂಲಪ್ರತಿಯಾಗಿ ಮನೆಯಲ್ಲಿ ಉಳಿಯುತ್ತದೆ. ಚೈತನ್ಯಾಗೆ ಅದು ಸಮಾಧಾನ. ಹೊರಗೆ ಹೋಗುವುದು ಅದರಿಂದ ಒತ್ತಿದ ಎಂಪಿ ಫೋರ್. ಒತ್ತುವ ಕೆಲಸಕ್ಕೆ ಹಳೆಯ ಕಂಪ್ಯೂಟರ್ ಇಡೀ ಹಗಲು ತೆಗೆದುಕೊಳ್ಳುತ್ತದೆ. ಅದರ ಫ್ಯಾನು ಬುಸುಗುಡುತ್ತಿದ್ದರೆ, ಫ್ಯೂಸ್ ಹೋದೀತೆಂದು ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನೂ ಹಾಕುವಂತಿಲ್ಲ. ಕುಕ್ಕರ್ ಇಟ್ಟ ಹಾಗೆ, ನಡುವೆ ಮುಚ್ಚಳ ತೆಗೆಯುವಂತಿಲ್ಲ ಎನ್ನುತ್ತಾರೆ ರುದ್ರಾಣಿ.

ಶನಿವಾರ ಪೆನ್ ಡ್ರೈವ್ ಹಿಡಿದು ಹಾಲಿಗೆ ಹೋಗುತ್ತಾರೆ. ನಾನೂ ಜೊತೆಗಿದ್ದೇನೆ. ಹಾಲ್ ಗುಡಿಸುವ ಗಿರಿಜಾಂಬಾ ಅವರನ್ನು ಜಮಖಾನದ ಮೇಲೆ ಕೂರಿಸಿ, ರುದ್ರಾಣಿ ಗೋಡೆಯ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂರುತ್ತಾರೆ. ತಂದೆಯಷ್ಟೇ ತಗ್ಗಲು ಬೆನ್ನು ಬಾಗಿಸುತ್ತಾರೆ. ಗಿರಿಜಾಂಬಾಗೆ ಈ ಶಿಸ್ತು ಒಗ್ಗುವುದಿಲ್ಲ. “ಮಕ್ಕಳು ಹಿಂಗೆ ಗೊಂಬೆ ಥರ ಕೂರ್ತಾರೇನಮ್ಮ? ಹಿಂಗೆ ಕೂರೋದು” ಎಂದು ಮಂಡಿಯೂರಿ ಎದ್ದು, ಎಡಕ್ಕೆ ಬಲಕ್ಕೆ ತೂಗಾಡಿ, ಕೊನೆಗೆ ಎರಡೂ ಕೈ ಎತ್ತಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಎತ್ತಿದ ಕೈಗಳಿಗಿಂತ ಮೇಲೆ ಅಕ್ಷರಗಳು ಕಾಣುತ್ತವೆ. ರುದ್ರಾಣಿ ಏಳದೆ, ಪಕ್ಕದ ಕುರ್ಚಿಗೆ, ಅದರ ಪಕ್ಕದ ಕುರ್ಚಿಗೆ ಸರಿಯುತ್ತಾ ಇಡೀ ಸಾಲಿನಿಂದ ನೋಡಿಯೇ ಹೊರಡುತ್ತಾರೆ.

ಭಾನುವಾರ ಪುಟ್ಟಯ್ಯ ಬರುತ್ತಾರೋ ಇಲ್ಲವೋ ಎಂಬ ಆತಂಕ ನನಗೇ ಹೆಚ್ಚು. ರುದ್ರಾಣಿ ನಿಶ್ಚಿಂತೆಯಿಂದ ಇದ್ದಾರೆ. ತಂದೆಯನ್ನು ಕರೆಯಲೂ ಇಲ್ಲ, ಇಸ್ತ್ರಿ ಮಾಡಿದ ಅಂಗಿಯೊಂದನ್ನು ಬಾಗಿಲ ಹಿಂದೆ ನೇತುಹಾಕಿ ಬಂದಿದ್ದಾರಂತೆ. ಚಿತ್ರ ಶುರುವಾಗುವ ಹೊತ್ತಿಗೆ ಆ ಅಂಗಿ ಮೆಟ್ಟಿಲು ಹತ್ತಿ ಬರುತ್ತದೆ. ಪುಟ್ಟಯ್ಯ ಯಾರನ್ನೂ ಮಾತಾಡಿಸದೆ ಕೊನೆಯ ಕುರ್ಚಿ ಹಿಡಿಯುತ್ತಾರೆ, ಮುಂದಿನ ತಲೆಗಳನ್ನು ಒಮ್ಮೆ ಎಣಿಸುವವರಂತೆ ನೋಡುತ್ತಾರೆ, ಆಮೇಲೆ ಗಲ್ಲ ಮೇಲಕ್ಕೆತ್ತುತ್ತಾರೆ.

ನಾನು ತೆರೆ ನೋಡುತ್ತಿಲ್ಲ, ಅವರನ್ನು ನೋಡುತ್ತಿದ್ದೇನೆ. ದೋಣಿಗೆ ಆಡು ಹತ್ತಿಸಿಕೊಂಡ ರೈತನನ್ನು ಅಜ್ಜಿ ಆಡಿನ ಟಿಕೆಟ್ ಎಲ್ಲಿ ಎಂದು ಕೇಳುವ ಜಾಗದಲ್ಲಿ ಜಮಖಾನದ ಮಕ್ಕಳು ನಗುತ್ತಾರೆ. ಅದೇ ಗಳಿಗೆಯಲ್ಲಿ ಪುಟ್ಟಯ್ಯ ನಗುತ್ತಾರೆ. ಮಕ್ಕಳ ನಗು ಅವರಿಗೆ ಕೇಳಿಸಿರಲಾರದು. ಟಿ.ವಿ. ಪಕ್ಕದಲ್ಲಿ ನಿಂತ ರುದ್ರಾಣಿ ತಿರುಗಿ ನೋಡುವುದಿಲ್ಲ. ಅವರ ಭುಜ ಸ್ವಲ್ಪ ಇಳಿಯುವುದು ಮಾತ್ರ ನನಗೆ ಕಾಣುತ್ತದೆ.

ಸೇತುವೆ ಬರುತ್ತದೆ. ಹುಡುಗಿ ಕೇಳುತ್ತಾಳೆ. ಮಕ್ಕಳು ಮಂಡಿಯೂರಿ ಎದ್ದಿದ್ದಾರೆ, ಅಜ್ಜಿಯ ಕಾಲೂ ದೋಣಿಯ ಅರ್ಧವೂ ಅವರ ತಲೆಗಳ ಹಿಂದಿವೆ. ಮೇಲಿನ ಕಪ್ಪು ಪಟ್ಟಿಯಲ್ಲಿ ಸಾಲು ಮೂಡುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಚಪ್ಪಾಳೆ ಬೀಳುತ್ತದೆ. ಪುಟ್ಟಯ್ಯ ಚಪ್ಪಾಳೆ ತಟ್ಟುವುದಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ.

ಚಪ್ಪಲಿ ಕಾಯಲು ಕೆಳಗಿಳಿದಿದ್ದ ಗಿರಿಜಾಂಬಾ ಮೇಲೆ ಬಂದಾಗ ತೆರೆ ಕಪ್ಪಾಗಿದೆ. ಶನಿವಾರವೂ ಮುಗಿಯುವ ಮೊದಲೇ ಎದ್ದಿದ್ದ ಅವರಿಗೆ ಕೊನೆ ತಪ್ಪಿಹೋಗಿದೆ. ಎದುರಿಗೆ ಸಿಕ್ಕಿದ ಪುಟ್ಟಯ್ಯನವರನ್ನು ತೆರೆಯ ಕಡೆ ಬೆರಳು ಮಾಡಿ, ಏನಾಯಿತು ಎಂದು ಕೈ ತಿರುಗಿಸಿ ಕೇಳುತ್ತಾರೆ. ಕಿವಿ ಕೇಳದವರ ಜೋರು ದನಿಯಲ್ಲಿ, ಇಡೀ ಹಾಲಿಗೆ ಕೇಳುವಂತೆ ಪುಟ್ಟಯ್ಯ ಹೇಳುತ್ತಾರೆ:

“ಸೇತುವೆ ಮೇಲೆ ಹೋಗೋರು ನೀರು ನೋಡಲ್ಲ, ನೋಡ್ಬೇಕು ಅನ್ನೋರಿಗೆ ನಾನಿದೀನಿ ಅಂದ್ಲು. ದೋಣಿ ಮಾರಲ್ವಂತೆ.”

ರುದ್ರಾಣಿ ಟಿ.ವಿ. ಹಿಂದೆ ಬಾಗಿ ಪೆನ್ ಡ್ರೈವ್ ಕಿತ್ತು, ಸೆರಗಿನಿಂದ ಒರೆಸಿ, ಚೈತನ್ಯಾ ಕೈಗೆ ಕೊಡುತ್ತಾರೆ.

“ತಗೋ. ಇನ್ನು ಮಲ್ಲೇಶ್ವರಕ್ಕೆ ಹೋಗ್ಬಹುದು.”