ತಾನಾಗಿ ಬೀಳದ ಸ್ವಿಚ್ಚು

ಮೂಡಿಗೆರೆಯ ಶೇಷಪ್ಪಣ್ಣ ಸ್ವಿಚ್ಚನ್ನು ಪರೀಕ್ಷೆ ಮಾಡುತ್ತಿದ್ದುದು ಕಣ್ಣಿನಿಂದಲ್ಲ, ಕಿವಿಯಿಂದ. ಗೋಣಿಚೀಲದಿಂದ ಒಂದನ್ನು ತೆಗೆದು, ಕಿವಿಯ ಪಕ್ಕ ಹಿಡಿದು, ಕಣ್ಣು ಮುಚ್ಚಿ ಮೇಲೆ ಕೆಳಗೆ ಮಾಡುವರು. ಸದ್ದು ಖಡಕ್ಕಾಗಿ ಬಂದರೆ ಬಲಗಡೆಯ ಡಬ್ಬಕ್ಕೆ, ಮೆತ್ತಗೆ ಬಂದರೆ ಎಡಗಡೆಯದಕ್ಕೆ. ಎಡಗಡೆಯ ಡಬ್ಬದ ಒಂದನ್ನೂ ಅವರು ಯಾರ ಗಾಡಿಗೂ ಹಾಕಿದ್ದನ್ನು ನಾನು ಕಂಡಿಲ್ಲ.

ಅವು ವಿಮಾನದ ಸ್ವಿಚ್ಚುಗಳು. ಪ್ರಾಯದಲ್ಲಿ ಅವರು ಸೈನ್ಯದ ವಿಮಾನಗಳಿಗೆ ವಯರಿಂಗ್ ಮಾಡಿದ್ದವರು. ಊರಿಗೆ ಬಂದು ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ ಹಾಕಿದ ಮೇಲೂ ವರ್ಷಕ್ಕೊಮ್ಮೆ ಬೆಂಗಳೂರಿನ ಗುಜರಿಗೆ ಹೋಗಿ, ಒಡೆದ ವಿಮಾನಗಳ ಸ್ವಿಚ್ಚುಗಳನ್ನು ಹೊತ್ತು ತರುವರು. ಅಂಗಡಿಯ ಹೊಸ ಸ್ವಿಚ್ಚು ನಮ್ಮ ಕಡೆಯ ಥಂಡಿಗೆ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಇವು ಹಿಡಿಯುತ್ತಿರಲಿಲ್ಲ. ಹಳೆಯ ಕಾರು, ಜೀಪು ಇಟ್ಟುಕೊಂಡಿದ್ದ ಎಸ್ಟೇಟಿನವರೆಲ್ಲ ಅವರ ಹತ್ತಿರವೇ ಬರುತ್ತಿದ್ದರು. ವಿಮಾನದ್ದು ಕಾರಿಗೆ ಆಗುತ್ತದಾ ಎಂದು ಯಾರಾದರೂ ಅನುಮಾನಪಟ್ಟರೆ, “ಇಪ್ಪತ್ನಾಲ್ಕು ವೋಲ್ಟ್ ಹೊತ್ತಿದ್ದು ಮಾರಾಯ, ನಿನ್ ಹನ್ನೆರಡು ಹೊರೋಕೆ ಅಳ್ತದಾ?” ಎನ್ನುವರು.

ಯಾರಿಗೂ ಬಗ್ಗುವ ಜನವಲ್ಲ. ಒಮ್ಮೆ ಗಾಡಿ ತಪಾಸಣೆಯ ಅಧಿಕಾರಿಯೊಬ್ಬರು ಎಸ್ಟೇಟೊಂದರ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಸಾಲಾಗಿ ನಿಂತ ಆರು ಸ್ವಿಚ್ಚುಗಳನ್ನು ನೋಡಿ, ಇದು ಹಾರುತ್ತದೋ ಹೇಗೆ ಎಂದು ನಕ್ಕರು. “ಹಾರಲ್ಲ ಸಾರ್. ಲೈಟ್ ಹತ್ತುತ್ತೆ. ನಿಮ್ ಜೀಪಿಂದು ಎರಡೂ ಹತ್ತುತ್ತಾ ನೋಡ್ಕೊಳ್ಳಿ,” ಎಂದರು ಶೇಷಪ್ಪಣ್ಣ. ಒಂದೇ ಹತ್ತಿತು. ಅಧಿಕಾರಿ ಕಾಗದಕ್ಕೆ ಸಹಿ ಹಾಕಿದರು.

ಇಂಥವರ ಹೆಸರನ್ನು ಹಾಳು ಮಾಡಿದವನು ನಾನು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಡ್ರೈವರಾದವನು. ನಮ್ಮ ಸಾಹುಕಾರರ ಬಳಿ ಅವರ ತಂದೆಯ ಕಾಲದ ಕಾರೊಂದಿತ್ತು. ಅದರ ಕೀಲಿಯ ತೂತು ಸವೆದು ಹೋದಾಗ ಶೇಷಪ್ಪಣ್ಣ ಅಲ್ಲಿ ಒಂದು ವಿಮಾನದ ಸ್ವಿಚ್ಚು ಕೂರಿಸಿದರು. ಅದರ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಹೊರಕ್ಕೆ ಎಳೆಯಬೇಕು, ಆಮೇಲೆ ಮೇಲೆತ್ತಿದರೆ ಇಂಜಿನ್ನಿಗೆ ಕರೆಂಟು, ಕೆಳಗಿಳಿಸಿದರೆ ಬಂದ್. ಎಳೆಯದೆ ಎಷ್ಟು ಒತ್ತಿದರೂ ಅಲ್ಲಾಡದು. ಕೈ ತಾಗಿ ಆಫ್ ಆಗಬಾರದೆಂದೇ ವಿಮಾನದಲ್ಲಿ ಹಾಗೆ ಮಾಡಿರುತ್ತಾರಂತೆ.

ನಮ್ಮ ಕಡೆಯ ಡ್ರೈವರುಗಳಲ್ಲಿ ಒಂದು ಜಂಬವಿತ್ತು. ಘಾಟಿ ಇಳಿಯುವಾಗ ಇಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ, ಒಂದು ಹನಿ ಪೆಟ್ರೋಲೂ ಸುಡದೆ ಬುಡ ಮುಟ್ಟಿಸುವುದು. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಯಾರು ಯಾವ ತಿರುವಿನವರೆಗೆ ಹಾಗೆ ಇಳಿದರೆಂದು ಹೇಳಿಕೊಳ್ಳುತ್ತಿದ್ದೆವು. ಅದರಲ್ಲಿ ನಾನೇ ಮುಂದು.

ಆ ದಿನ ಮಧ್ಯಾಹ್ನ ಸಾಹುಕಾರರೂ ಅವರ ತಂಗಿಯೂ ಹಿಂದೆ ಕೂತು ನಿದ್ದೆ ಹೋಗಿದ್ದರು. ಚಾರ್ಮಾಡಿಯ ಇಳಿಜಾರು ಸಿಕ್ಕಿದ್ದೇ ನಾನು ಕಡ್ಡಿ ಎಳೆದು ಕೆಳಗಿಳಿಸಿದೆ. ಮೂರನೇ ತಿರುವಿಗೆ ಬ್ರೇಕು ಕಾದು ಹಿಡಿಯದಾಯಿತು. ಕಣಿವೆಗೆ ಬೀಳುವುದಕ್ಕಿಂತ ವಾಸಿಯೆಂದು ಕಾರನ್ನು ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿಸಿದೆ. ತಂಗಿಯವರ ಕೈ ಮುರಿಯಿತು. ಏನಾಯಿತೋ ಎಂದು ಸಾಹುಕಾರರು ಕೇಳಿದಾಗ ನನ್ನ ಬಾಯಿಂದ ಬಂದದ್ದು, “ಸ್ವಿಚ್ಚು ತಾನಾಗೇ ಬಿತ್ತು ಸಾರ್, ಇಂಜಿನ್ ನಿಂತೋಯ್ತು.”

ಮಾರನೇ ದಿನ ಶೆಡ್ಡಿಗೆ ಎಳೆದು ತಂದ ಕಾರಿನ ಬಳಿ ಶೇಷಪ್ಪಣ್ಣ ಸಾಹುಕಾರರನ್ನು ಕರೆದು, ಒತ್ತಿ ನೋಡಿ ಎಂದರು. ಅವರು ಒತ್ತಿದರು. ಅಲ್ಲಾಡಲಿಲ್ಲ.

“ಇದು ತಾನಾಗಿ ಬೀಳಲ್ಲ. ಯಾರ ಕೈ ಎಳೀತು ಅಂತ ಕೇಳಿ,” ಎಂದು ಶೇಷಪ್ಪಣ್ಣ ನನ್ನ ಮುಖ ನೋಡಿದರು.

“ಹಳೇದಲ್ವಾ ಸಾರ್, ಒಳಗೆ ಸವೆದಿರ್ಬೇಕು. ಗುಂಡಿಗೆ ಇಳಿದಾಗ ಕುಲುಕಿ ಬಿತ್ತು,” ಎಂದೆ.

ಸಾಹುಕಾರರು ಇಪ್ಪತ್ತು ವರ್ಷದಿಂದ ಜೊತೆಗಿದ್ದ ಡ್ರೈವರನ್ನು ನಂಬಿದರು. ಕಿತ್ತುಹಾಕು ಅಂದರು. ಶೇಷಪ್ಪಣ್ಣ ಒಪ್ಪಲಿಲ್ಲ. “ತಪ್ಪಿದ್ರೆ ಕೀಳ್ತೀನಿ. ತಪ್ಪಿಲ್ಲ. ಬೇರೆಯವ್ರ ಹತ್ರ ಕೀಳಿಸ್ಕೊಳ್ಳಿ.” ಬೇರೆಯವರು ಕಿತ್ತರು. ಸುದ್ದಿ ಹರಡಿ, ಒಂದು ವರ್ಷದೊಳಗೆ ಹಳೆಯ ಕಾರುಗಳವರೆಲ್ಲ ಕೀಳಿಸಿದರು.

ಕಿತ್ತೆಸೆದ ಆ ಸ್ವಿಚ್ಚನ್ನು ಶೇಷಪ್ಪಣ್ಣ ಕೇಳಿ ತಂದು ತಮ್ಮದೇ ಜೀಪಿಗೆ ಹಾಕಿಕೊಂಡರು. ಪ್ರತಿ ಭಾನುವಾರ ಹೆಂಡತಿ ಲಲಿತಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗುಂಡಿ ಹೆಚ್ಚಿದ್ದ ಕಡೆಯೇ ಹುಡುಕಿ, ಕಳಸದಾಚೆ ಕುದುರೆಮುಖದವರೆಗೆ ಹೋಗಿ ಬರುವರು. ಬಸ್‌ಸ್ಟ್ಯಾಂಡಿನಲ್ಲಿ ಜೀಪು ನಿಲ್ಲಿಸಿ, “ಇವತ್ತೂ ಬೀಳ್ಲಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳುವರು. ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆರು ವರ್ಷ ಹೀಗೆ ನಡೆಯಿತು. ಒಮ್ಮೆಯೂ ಬೀಳಲಿಲ್ಲ.

ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದ ವರ್ಷ ಮನೆಗೆ ಹೋದೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವರು ದಿಂಬಿನಿಂದ ತಲೆಯೆತ್ತಿದರು.

“ನಂಗ್ಯಾಕೆ ಹೇಳ್ತಿ ನಾಗೇಶ? ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ದೋರಿಗೆ ಹೇಳು ಹೋಗು.”

ಕ್ಷಮಿಸಿದೆ ಎನ್ನಲಿಲ್ಲ. ನೀರು ಕುಡಿದು ಹೋಗು ಎಂದೂ ಅನ್ನಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ನಾನು ದಿನ ತಳ್ಳಿದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು.

ತಿಥಿಯ ಊಟಕ್ಕೆ ಊರಿನವರೆಲ್ಲ ಬಂದಿದ್ದರು. ಎಲೆಯ ಮುಂದೆ ಕೂತ ಸಾಹುಕಾರರು ಪಕ್ಕದವರಿಗೆ, ಒಳ್ಳೆ ಕೆಲಸಗಾರ, ಆ ಗುಜರಿ ಸ್ವಿಚ್ಚಿನ ಹುಚ್ಚೊಂದು ಇಲ್ಲದಿದ್ದರೆ ಎಂದು ಹೇಳುತ್ತಿದ್ದರು. ಅನ್ನ ಕಲೆಸಿದ ಕೈಯಲ್ಲೇ ನಾನು ಎದ್ದು ನಿಂತೆ. ಆ ಸ್ವಿಚ್ಚು ಬಿದ್ದಿರಲಿಲ್ಲ, ಪೆಟ್ರೋಲಿನ ಜಂಬಕ್ಕೆ ನಾನೇ ಎಳೆದು ಆಫ್ ಮಾಡಿದ್ದು, ಆಮೇಲೆ ಸುಳ್ಳು ಹೇಳಿದ್ದು ಎಂದೆ.

ಊಟದ ಮಧ್ಯೆ ಏಳಬಾರದೆಂದು ಯಾರೋ ನನ್ನ ಪಂಚೆ ಜಗ್ಗಿದರು. ಸಾಹುಕಾರರ ಮುಖ ಕಪ್ಪಿಟ್ಟಿತು. ಸತ್ತ ಮನೆಯಲ್ಲಿ ಇದೆಲ್ಲ ಈಗ ಯಾಕೆ, ಕೂತು ಉಣ್ಣು ಎಂದು ಗದರಿದರು. ನಾನು ಕೂರಲಿಲ್ಲ. ಬೈಯುವವರು ಬೈಯಲಿ, ಎಲೆಯಿಂದ ಎಬ್ಬಿಸುವವರು ಎಬ್ಬಿಸಲಿ ಎಂದು ನಿಂತೇ ಇದ್ದೆ.

ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದ ಲಲಿತಕ್ಕ ನನ್ನೆದುರು ಬಂದು ನಿಂತರು. ಬಕೆಟ್ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡರು.

“ಆ ಕೊನೇ ಪಂಕ್ತಿಯೋರಿಗೆ ಕೇಳ್ಸಿಲ್ಲ,” ಎಂದರು. “ಇನ್ನೊಂದ್ ಸಲ ಹೇಳಿ.”